ಎಡದಿಂದ ಓದಬೇಕೋ, ಬಲದಿಂದಲೋ?

ಈ ಹತ್ತು ಬಣ್ಣಗಳ ಹೆಸರನ್ನು ವಾಚಕರು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಬೇಕು: ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಮಗ್ಗಿಯಂತೆ ನಾಲಗೆಗೆ ಹತ್ತುತ್ತದೆಯಲ್ಲವೆ? ಮೊದಲು ನಾಲ್ಕು ಕ-ಕಾರ, ಆಮೇಲೆ ಎರಡು ಹ-ಕಾರ, ಎರಡು ನ-ಕಾರ, ಕಡೆಗೆ ಎರಡು ಬ-ಕಾರ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಇದೇ ಕ್ರಮದಲ್ಲಿ ಇವುಗಳ ಪಕ್ಕಕ್ಕೆ ಇಟ್ಟುಬಿಟ್ಟರೆ, ರೇಡಿಯೋ ಮುಂತಾದ ಯಂತ್ರಗಳ ಹೊಟ್ಟೆಯಲ್ಲಿರುವ ಬಣ್ಣದ ಬರಹವನ್ನು ಓದುವ ವಿದ್ಯೆಯಲ್ಲಿ ಅರ್ಧ ಕೈವಶವಾದಂತೆಯೇ ಸರಿ. ಇಂಗ್ಲಿಷಿನಲ್ಲಿ ಕಲಿತವರು ಗ್ರೇಟ್ ಬ್ರಿಟನ್ನಿನ ಬಿ. ಬಿ. ರಾಯ್ ಎಂಬ ಮಹನೀಯನನ್ನೂ ಆತನ ಸದ್ಗುಣಿಯಾದ ಹೆಂಡತಿಯನ್ನೂ ನೆನೆನೆನೆದು ಈ ಕ್ರಮವನ್ನು ಬಾಯಿಪಾಠ ಮಾಡುತ್ತಾರೆ. ಅಲ್ಲಿ ಕಪ್ಪು, ಕಂದು, ನೀಲಿ ಮೂರೂ ಒಂದೇ 'ಬಿ' ಅಕ್ಷರಕ್ಕೆ ಜಗಳವಾಡುತ್ತವೆ. ನಮ್ಮ ಭಾಷೆಯಲ್ಲಿ ಒಂದೊಂದು ಅಕ್ಷರದ ಮನೆಯವರು ಒಟ್ಟಾಗಿ ಒಂದೇ ಕಡೆ ಕುಳಿತಿದ್ದಾರೆ.

ಉಳಿದ ಅರ್ಧವೇ ಕಷ್ಟದ್ದು. ಈ ತ್ರೈಮಾಸಿಕದಲ್ಲಿ ಅದನ್ನೇ ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ನಾವು ಬಿ.ಎ. ಮಾಡಿದವರು, ಇಂಜಿನಿಯರಲ್ಲ. ಆದ್ದರಿಂದ ನಮಗೆ ಅರ್ಥವಾದದ್ದು ಎಲ್ಲರಿಗೂ ಅರ್ಥವಾಗತಕ್ಕದ್ದೇ ಎಂಬ ಧೈರ್ಯದಿಂದ ಹೊರಟಿದ್ದೇವೆ.

ಯಾವುದೇ ಹಳೆಯ ರೇಡಿಯೋದ ಬೆನ್ನು ಬಿಚ್ಚಿದರೂ, ಇಲ್ಲವೆ ಈಗ ಶಾಲೆಯ ಮಕ್ಕಳು ತರುವ ಪ್ರಯೋಗದ ಪೆಟ್ಟಿಗೆಯನ್ನು ತೆರೆದರೂ, ಗೋಧಿಕಾಳಿನ ಗಾತ್ರದ, ಎರಡು ಕಡೆಯೂ ತಂತಿಯ ಬಾಲವುಳ್ಳ, ಮೈಮೇಲೆ ಬಣ್ಣಬಣ್ಣದ ಬಳೆ ತೊಟ್ಟ ಸಣ್ಣ ವಸ್ತುಗಳು ಕಾಣುತ್ತವೆ. ಇವೇ ರೆಸಿಸ್ಟರುಗಳು. ಕೆರೆಯ ನೀರಿಗೆ ತೂಬು ಹೇಗೋ ವಿದ್ಯುತ್ತಿನ ಹರಿವಿಗೆ ಇವು ಹಾಗೆ. ಎಷ್ಟು ಬೇಕೋ ಅಷ್ಟನ್ನೇ ಬಿಡುತ್ತವೆ. ಎಷ್ಟು ತಡೆಯುತ್ತವೆ ಎಂಬುದಕ್ಕೆ ಓಮ್ ಎಂಬ ಅಳತೆ. ಆ ಅಳತೆಯನ್ನು ಅಂಕಿಯಲ್ಲಿ ಬರೆಯಬಹುದಿತ್ತು. ಆದರೆ ಉರುಟು ಮೈಯ ಮೇಲೆ ಸಣ್ಣಕ್ಷರದಲ್ಲಿ ಬರೆದದ್ದು ಉಜ್ಜಿ ಹೋಗುತ್ತದೆ, ಅಥವಾ ಕೂರಿಸುವಾಗ ಅಡಿಮುಖವಾಗಿಬಿಡುತ್ತದೆ. ಬಳೆಗೆ ಅಡಿಯೆಂಬುದಿಲ್ಲ, ಯಾವ ಕಡೆಯಿಂದ ನೋಡಿದರೂ ಬಳೆ ಬಳೆಯೇ.

ಅಮೆರಿಕದ ರೇಡಿಯೋ ತಯಾರಕರ ಸಂಘದವರು 1920ರ ದಶಕದಲ್ಲಿ ಈ ಏರ್ಪಾಟನ್ನು ಆರಂಭಿಸಿದರು. 1952ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಇದಕ್ಕೆ 62ನೆಯ ನಂಬರಿನ ಪ್ರಮಾಣವೆಂಬ ಮುದ್ರೆ ಒತ್ತಿತು. ಇಂದಿಗೂ ಅದೇ, 60062 ಎಂಬ ಹೊಸ ನಂಬರಿನಲ್ಲಿ ನಡೆದು ಬಂದಿದೆ. ನಾಲ್ಕು ಬಳೆಯ ರೆಸಿಸ್ಟರಿನಲ್ಲಿ ಮೊದಲೆರಡು ಬಳೆ ಅಂಕಿ. ಮೂರನೆಯದು ಅವುಗಳ ಮುಂದೆ ಎಷ್ಟು ಸೊನ್ನೆ ಎಂಬ ಸೂಚನೆ. ನಾಲ್ಕನೆಯದು ಎಷ್ಟು ಹೆಚ್ಚುಕಡಮೆಯಾಗಬಹುದೆಂಬ ಒಪ್ಪಂದ. ಹಳದಿ, ನೇರಳೆ, ಕೆಂಪು, ಚಿನ್ನ ಎಂದಿದ್ದರೆ ನಾಲ್ಕು, ಏಳು, ಎರಡು ಸೊನ್ನೆ, ಅಂದರೆ 4700 ಓಮ್. ಚಿನ್ನವೆಂದರೆ ನೂರಕ್ಕೆ ಐದು ಆಚೀಚೆ, ಬೆಳ್ಳಿಯೆಂದರೆ ಹತ್ತು. ಚಿನ್ನ ಬೆಳ್ಳಿ ಎರಡೂ ಅಂಕಿಗಳಲ್ಲವಾದ್ದರಿಂದ ಮೊದಲ ಸ್ಥಾನದಲ್ಲಿ ಕೂರುವ ಯೋಗ್ಯತೆ ಅವುಗಳಿಗಿಲ್ಲ. ಹೀಗಾಗಿ ಚಿನ್ನ ಬಲಗಡೆ ಬರುವಂತೆ ಹಿಡಿದರೆ ಸಾಕು, ಓದುವ ದಿಕ್ಕು ತಾನಾಗಿ ತಿಳಿಯುತ್ತದೆ.

ಈ ಸುಖ ಐದು ಬಳೆಯವುಗಳಲ್ಲಿ ಇಲ್ಲ. ಈಗ ಅಂಗಡಿಯಲ್ಲಿ ಹೇರಳವಾಗಿ ದೊರೆಯುವ ನೀಲಿ ಮೈಯ ರೆಸಿಸ್ಟರುಗಳು ನೂರಕ್ಕೆ ಒಂದರಷ್ಟು ಮಾತ್ರ ಆಚೀಚೆಯಾಗತಕ್ಕವು. ಅದನ್ನು ಸೂಚಿಸಲು ಕಡೆಯಲ್ಲಿ ಕಂದು ಬಳೆ. ಮುಂದೆ ಮೂರು ಬಳೆ ಅಂಕಿಗೆ, ನಾಲ್ಕನೆಯದು ಸೊನ್ನೆಗಳ ಲೆಕ್ಕಕ್ಕೆ. ತೊಂದರೆಯೆಲ್ಲ ಇಷ್ಟೇ: ಕಂದು ಎಂದರೆ ಒಂದು ಎಂಬ ಅಂಕಿಯೂ ಹೌದು, ಮತ್ತು ಲೋಕದಲ್ಲಿ ಒಂದರಿಂದ ಆರಂಭವಾಗುವ ಬೆಲೆಗಳೇ ಹೆಚ್ಚು ಖರ್ಚಾಗುವಂಥವು. ಎರಡು ತುದಿಯಲ್ಲೂ ಕಂದು ಬಂದು ಕುಳಿತರೆ ತಲೆ ಯಾವುದು, ಬಾಲ ಯಾವುದು?

ಉದಾಹರಣೆಗೆ ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಎಂಬ ಐದು ಬಳೆಗಳನ್ನು ತೆಗೆದುಕೊಳ್ಳಿ. ನೂರು, ಅದರ ಮುಂದೆ ಎರಡು ಸೊನ್ನೆ: ಹತ್ತು ಸಾವಿರ ಓಮ್. ಅಂಗಡಿಯವರ ಮಾತಿನಲ್ಲಿ 'ದಸ್ ಕೆ'. ಅದನ್ನೇ ತಿರುಗಿಸಿ ಹಿಡಿಯಿರಿ. ಕಂದು, ಕೆಂಪು, ಕಪ್ಪು, ಕಪ್ಪು, ಕಂದು: ನೂರಾ ಇಪ್ಪತ್ತು, ಮುಂದೆ ಸೊನ್ನೆಯಿಲ್ಲ, 120 ಓಮ್. ಎರಡೂ ಅಂಗಡಿಯಲ್ಲಿ ದಿನನಿತ್ಯ ಮಾರಾಟವಾಗುವ ಬೆಲೆಗಳೇ. ಕಾಗದ ಪೆನ್ಸಿಲು ಹಿಡಿದು ಇನ್ನೂ ಮುಂದೆ ಹೋದರೆ ಮತ್ತೊಂದು ಸ್ವಾರಸ್ಯ ತೋರುತ್ತದೆ. ಸಾವಿರವನ್ನು ತಿರುಗಿಸಿದರೆ 110, ಹತ್ತು ಸಾವಿರವನ್ನು ತಿರುಗಿಸಿದರೆ 120, ಲಕ್ಷವನ್ನು ತಿರುಗಿಸಿದರೆ 130, ಹತ್ತು ಲಕ್ಷಕ್ಕೆ 140, ಕೋಟಿಗೆ 150. ಕೋಟ್ಯಧೀಶನನ್ನು ತಲೆಕೆಳಗು ಮಾಡಿದರೆ ಕೈಯಲ್ಲಿ ಉಳಿಯುವುದು ನೂರೈವತ್ತು! ಇವುಗಳ ನಡುವೆ ನೂರು ಓಮ್ ಒಂದು ಮಾತ್ರ ನಿಶ್ಚಿಂತ. ಕಂದು, ಕಪ್ಪು, ಕಪ್ಪು, ಕಪ್ಪು, ಕಂದು. ನಮ್ಮ 'ವಿಕಟಕವಿ'ಯಂತೆ ಎತ್ತಲಿಂದ ಓದಿದರೂ ಒಂದೇ.

ಇದರಿಂದ ಏನು ಕೆಡುತ್ತದೆ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಒಂದು ಕೆಂಪು ಎಲ್.ಇ.ಡಿ. ದೀಪ ಹಚ್ಚಬೇಕಾಗಿದೆಯೆನ್ನೋಣ. ದೀಪ ತನಗೆಂದು ಸುಮಾರು ಎರಡು ವೋಲ್ಟು ಇಟ್ಟುಕೊಂಡು ಹತ್ತನ್ನು ರೆಸಿಸ್ಟರಿಗೆ ಬಿಡುತ್ತದೆ. ಸಾವಿರ ಓಮ್ ಹಾಕಿದರೆ ಹತ್ತು ಮಿಲಿ ಆಂಪಿಯರು ಹರಿದು ದೀಪ ಸೊಗಸಾಗಿ ಉರಿಯುತ್ತದೆ. ಅದೇ ಎಂದುಕೊಂಡು ಅದರ ಕನ್ನಡಿಬಿಂಬವಾದ 110 ಹಾಕಿದರೆ ಹರಿಯುವುದು ತೊಂಬತ್ತಕ್ಕೂ ಮೇಲೆ. ಸಾಮಾನ್ಯವಾದ ಸಣ್ಣ ದೀಪ ತಡೆಯಬಲ್ಲದ್ದು ಇಪ್ಪತ್ತರ ಸುಮಾರು. ರೆಸಿಸ್ಟರಿನ ಮೇಲೂ ಮುಕ್ಕಾಲು ವ್ಯಾಟಿಗೆ ಮಿಕ್ಕು ಬಿಸಿ ಬೀಳುತ್ತದೆ. ಅದರ ತಾಳ್ಮೆಯೋ ಕಾಲು ವ್ಯಾಟು. ದೀಪ ಹೋಗುತ್ತದೆ, ಮುಟ್ಟಿದ ಬೆರಳೂ ಸುಡುತ್ತದೆ.

ದಿಕ್ಕು ತಿಳಿಯಲು ನಿಯಮವಿಲ್ಲವೆ? ಉಂಟು. ಕಡೆಯ ಬಳೆಗೂ ಅದರ ಹಿಂದಿನದಕ್ಕೂ ನಡುವೆ ಅಂತರ ಹೆಚ್ಚಾಗಿರಬೇಕು, ಅಥವಾ ಕಡೆಯ ಬಳೆ ಮಿಕ್ಕವುಗಳಿಗಿಂತ ದಪ್ಪನಾಗಿರಬೇಕು. ಆದರೆ ಆರು ಮಿಲಿಮೀಟರಿನ ಮೈಮೇಲೆ ಐದು ಬಳೆ ತೊಡಿಸಿದ ಮೇಲೆ ಅಂತರಕ್ಕೆ ಜಾಗವೆಲ್ಲಿ? ನಿಯಮಕ್ಕೂ ಆಚರಣೆಗೂ ಇರುವ ಅಂತರವನ್ನು ಸರ್ಕಾರಿ ಕಛೇರಿಯಲ್ಲಿ ಗುಮಾಸ್ತೆಯಾಗಿರುವ ನಮಗೆ ಯಾರೂ ಹೊಸದಾಗಿ ವಿವರಿಸಬೇಕಾಗಿಲ್ಲ.

ಎರಡನೆಯ ಉಪಾಯ ಬುದ್ಧಿಗೆ ಒಪ್ಪುವಂಥದು. ರೆಸಿಸ್ಟರುಗಳನ್ನು ಮನಸ್ಸಿಗೆ ಬಂದ ಬೆಲೆಯಲ್ಲಿ ತಯಾರಿಸುವುದಿಲ್ಲ. 10, 12, 15, 18, 22, 27, 33, 39, 47, 56, 68, 82 ಎಂಬ ಹನ್ನೆರಡು ಮೂಲ ಅಂಕಿಗಳುಂಟು. ಇನ್ನೂ ನಯವಾದ ಕೆಲಸಕ್ಕೆ ಇಪ್ಪತ್ತನಾಲ್ಕು, ತೊಂಬತ್ತಾರು ಅಂಕಿಗಳ ಪಟ್ಟಿಗಳುಂಟು. ತಿರುಗಿಸಿ ಓದಿದಾಗ ಬಂದ ಬೆಲೆ ಪಟ್ಟಿಯಲ್ಲಿಲ್ಲದಿದ್ದರೆ ಓದು ತಪ್ಪೆಂದು ತೀರ್ಮಾನಿಸಬಹುದು. ಹಳದಿ, ನೇರಳೆ, ಕಪ್ಪು, ಕಂದು, ಕಂದು ಎಂಬುದು 4700 ಓಮ್. ಅದನ್ನು ಹಿಂದುಮುಂದಾಗಿ ಓದಿದರೆ ನೂರಾಹತ್ತು ಕೋಟಿ ಓಮ್ ಬರುತ್ತದೆ; ಅಂಥದು ಮಕ್ಕಳ ಪೆಟ್ಟಿಗೆಯಲ್ಲಿ ಇರತಕ್ಕದ್ದಲ್ಲ. ಹೆಚ್ಚು ವೋಲ್ಟಿನ ಜಾಗಗಳಿಗಾಗಿ ಮಾಡಿದ ರೆಸಿಸ್ಟರುಗಳಲ್ಲಿ ಲೋಹದ ಪುಡಿ ಬೆರೆತ ಬಣ್ಣ ಬೇಡವೆಂದು ಚಿನ್ನದ ಬದಲು ಹಳದಿಯನ್ನೂ ಬೆಳ್ಳಿಯ ಬದಲು ಬೂದುಬಣ್ಣವನ್ನೂ ಬಳಿಯುತ್ತಾರೆ. ಕಂದು, ಕಪ್ಪು, ಹಸಿರು, ಹಳದಿ ಎಂದರೆ ಅಲ್ಲಿ ಹತ್ತು ಲಕ್ಷ. ತಿರುಗಿಸಿದರೆ 45 ಓಮ್, ಅದು ಆ ಪಟ್ಟಿಗಳಲ್ಲಿಲ್ಲ. ಇಂಥ ಕಡೆ ಪಟ್ಟಿ ನಮ್ಮನ್ನು ಕಾಯುತ್ತದೆ. ಆದರೆ ಹತ್ತು ಸಾವಿರ ಮತ್ತು ನೂರಿಪ್ಪತ್ತರ ವ್ಯಾಜ್ಯದಲ್ಲಿ ಎರಡೂ ಕಡೆಯವರ ಹೆಸರು ಪಟ್ಟಿಯಲ್ಲಿರುವುದರಿಂದ ಅದೂ ಕೈ ಚೆಲ್ಲುತ್ತದೆ.

ಇದು ದಿಕ್ಕಿನ ಮಾತಾಯಿತು. ಇದಕ್ಕಿಂತ ದೊಡ್ಡ ತೊಡಕು ಬಣ್ಣದ್ದೇ.

ಮೊದಲಿಗೆ ಹೇಳಿದ ಅಕ್ಷರಗಳ ಮನೆಗಳಿಗೆ ಮರಳಿ ಬನ್ನಿ. ಬಾಯಿಪಾಠಕ್ಕೆ ಅಷ್ಟು ಅನುಕೂಲವಾಗಿ ಒಂದೆಡೆ ಕುಳಿತ ಆ ಬಂಧುಗಳೇ ಕಣ್ಣಿಗೆ ಒಬ್ಬರಂತೆ ಒಬ್ಬರು ಕಾಣುವವರು. ನೀಲಿ ನೇರಳೆಗಳನ್ನು ದೀಪದ ಬೆಳಕಿನಲ್ಲಿ ಬೇರ್ಪಡಿಸುವುದು ಕಷ್ಟ. ಧೂಳು ಕೂತ ಬಿಳಿ ಬೂದಿಯೇ. ಆದರೆ ನಿಜವಾದ ಕುರುಕ್ಷೇತ್ರ ಕ-ಕಾರದ ಮನೆಯಲ್ಲಿ. ಕಂದು, ಕೆಂಪು, ಕಿತ್ತಳೆ ಈ ಮೂರರಲ್ಲಿ ಯಾವುದು ಯಾವುದೆಂದು ಒಂದು ಸಂಜೆಯೆಲ್ಲ ವಾದಿಸಬಹುದು. ನಾಲ್ಕು ಬಳೆಯ ಮಾದರಿಯಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವ ಮೂರು ಬೆಲೆಗಳನ್ನು ನೋಡಿ. ನೂರು ಓಮ್: ಕಂದು, ಕಪ್ಪು, ಕಂದು. ಸಾವಿರ: ಕಂದು, ಕಪ್ಪು, ಕೆಂಪು. ಹತ್ತು ಸಾವಿರ: ಕಂದು, ಕಪ್ಪು, ಕಿತ್ತಳೆ. ಮೂರನೆಯ ಬಳೆಯೊಂದೇ ವ್ಯತ್ಯಾಸ, ಅದೂ ಸೊನ್ನೆಗಳ ಬಳೆ. ಅಂಕಿಯ ಬಳೆಯಲ್ಲಿ ಕಣ್ಣು ಜಾರಿದರೆ ಅಷ್ಟಿಷ್ಟು ಹೆಚ್ಚುಕಡಮೆ. ಇಲ್ಲಿ ಜಾರಿದರೆ ಒಂದಕ್ಕೆ ಹತ್ತು, ಹತ್ತಕ್ಕೆ ನೂರು.

ಕನ್ನಡದಲ್ಲಿ ಕಂದು ಎಂಬುದು ಬಣ್ಣದ ಹೆಸರು ಮಾತ್ರವಲ್ಲ, ಕ್ರಿಯಾಪದವೂ ಹೌದು. ಬಿಸಿಲಿಗೆ ಹೂವು ಕಂದುತ್ತದೆ, ಚಿಂತೆಗೆ ಮುಖ ಕಂದುತ್ತದೆ. ರೆಸಿಸ್ಟರಿನ ಬಳೆಯೂ ಹಾಗೆಯೇ. ಹತ್ತಾರು ವರ್ಷ ಬಿಸಿಯುಂಡ ಕೆಂಪು ಬಳೆ ಕಂದಿ ಕಂದಾಗುತ್ತದೆ, ಕಿತ್ತಳೆ ಕಂದಿ ಕೆಂಪಿನತ್ತ ವಾಲುತ್ತದೆ, ಚಿನ್ನ ಕಂದಿ ಹಳದಿಯೋ ಕಂದೋ ತಿಳಿಯದಂತಾಗುತ್ತದೆ. ಇಂಗ್ಲಿಷಿನವನಿಗೆ ಎರಡು ಪದ ಬೇಕಾದ ಸಂಗತಿಯನ್ನು ನಮ್ಮ ಹಿರಿಯರು ಒಂದರಲ್ಲೇ ಕಟ್ಟಿಕೊಟ್ಟಿದ್ದಾರೆ.

ವಿಜ್ಞಾನಿಗಳನ್ನು ಕೇಳಿದರೆ ಇನ್ನೂ ಸೋಜಿಗ. ಕಾಮನಬಿಲ್ಲಿನಲ್ಲಿ ಕಂದು ಎಂಬ ಬಣ್ಣವೇ ಇಲ್ಲ. ಸುತ್ತಲಿರುವುದಕ್ಕಿಂತ ಮಂಕಾಗಿ ಕಾಣುವ ಕಿತ್ತಳೆಯನ್ನೇ ನಮ್ಮ ಮಿದುಳು ಕಂದು ಎಂದು ಕರೆಯುತ್ತದೆ. ಪರೀಕ್ಷೆ ಮಾಡಬೇಕೆನ್ನುವವರು ಕಪ್ಪು ಕಾಗದವನ್ನು ಕೊಳವೆ ಮಾಡಿ, ಪ್ರಖರವಾದ ದೀಪದಡಿ ಇಟ್ಟ ಚಾಕೊಲೇಟನ್ನು, ಸುತ್ತಲಿನ ಬೇರೇನೂ ಕಾಣದಂತೆ ಅದರ ಮೂಲಕ ನೋಡಲಿ. ಕಿತ್ತಳೆಯ ಛಾಯೆ ಕಾಣುತ್ತದೆ. (ನೋಡಿದ ಮೇಲೆ ಚಾಕೊಲೇಟು ಮಕ್ಕಳ ಪಾಲಾಗಲಿ.) ಹಾಗಿರುವಾಗ ಕಡುನೀಲಿ ಮೈಯ ಮೇಲೆ ಕೂದಲೆಳೆಯಷ್ಟು ಅಗಲಕ್ಕೆ ಬಳಿದ ಗೆರೆಯನ್ನು ಹಳದಿ ದೀಪದ ಕೆಳಗೆ ನೋಡಿ, ಇದು ಕಂದೋ ಕಿತ್ತಳೆಯೋ ಎಂದು ತಡವರಿಸುವವರನ್ನು ದಡ್ಡರೆನ್ನುವುದು ನ್ಯಾಯವಲ್ಲ. ಹಗಲು ಹೊತ್ತು ಕಿಟಕಿಯ ಬಳಿ ಕುಳಿತು ನೋಡುವುದೇ ಮೇಲು. ಅದಕ್ಕೂ ಮೇಲು, ಬೆಲೆ ಖಚಿತವಾಗಿ ಗೊತ್ತಿರುವ ಮೂರು ರೆಸಿಸ್ಟರುಗಳನ್ನು ಒಂದು ರಟ್ಟಿಗೆ ಚುಚ್ಚಿಟ್ಟುಕೊಂಡು ಸಂಶಯಾಸ್ಪದವಾದುದನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವುದು. ಸೀರೆಗೆ ಹೊಂದುವ ರವಿಕೆ ಬಟ್ಟೆ ತರಲು ಹೋಗುವ ಗೃಹಿಣಿಯರು ಸೀರೆಯ ಸೆರಗನ್ನೇ ಅಂಗಡಿಗೆ ಒಯ್ಯುವುದಿಲ್ಲವೆ? ಬಣ್ಣವನ್ನು ನೆನಪಿನಲ್ಲಿಟ್ಟುಕೊಂಡು ಹೋಗುವುದು ಗಂಡಸರು ಮಾತ್ರ. ಅವರು ತಂದ ಬಟ್ಟೆಯ ಗತಿ ಎಲ್ಲರಿಗೂ ತಿಳಿದದ್ದೇ.

ಹಳೆಯ ಕಾಲದವರ ಕಷ್ಟವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಅಟ್ಟದ ಮೇಲಿರುವ ಕವಾಟದ ರೇಡಿಯೋಗಳಲ್ಲಿ ಕೆಲವು ರೆಸಿಸ್ಟರುಗಳಿಗೆ ಬಳೆಯೇ ಇಲ್ಲ. ಮೈಯೆಲ್ಲ ಒಂದು ಬಣ್ಣ, ತುದಿಗೊಂದು ಬಣ್ಣ, ನಡುವೆ ಒಂದು ಬೊಟ್ಟು. ಮೈ ಮೊದಲ ಅಂಕಿ, ತುದಿ ಎರಡನೆಯದು, ಬೊಟ್ಟು ಸೊನ್ನೆಗಳ ಲೆಕ್ಕ. ಮೈಬಣ್ಣವೂ ಬೊಟ್ಟಿನ ಬಣ್ಣವೂ ಒಂದೇ ಆದಾಗ ಬೊಟ್ಟು ಇದ್ದೂ ಕಾಣುವುದಿಲ್ಲ; ಕಾಣದಿದ್ದರೆ ಮೈಬಣ್ಣದ್ದೇ ಎಂದು ತಿಳಿಯತಕ್ಕದ್ದು! ಮುಂದೆ 1960ರ ದಶಕದಲ್ಲಿ ಮಲ್ಲಾರ್ಡ್ ಕಂಪೆನಿಯ ಸಿ-280 ಎಂಬ ಕೆಪಾಸಿಟರುಗಳು ಬಂದವು. ಅಡ್ಡಡ್ಡ ಪಟ್ಟೆಗಳಿಂದಾಗಿ ಅವಕ್ಕೆ ಬಣ್ಣದ ಮೀನೆಂದೇ ಅಡ್ಡಹೆಸರು. ಅವುಗಳಲ್ಲಿ ಪಟ್ಟೆಗಳ ನಡುವೆ ತೆರಪೇ ಇಲ್ಲ. ಎರಡು ಕೆಂಪು ಒಟ್ಟಿಗೆ ಬಂದರೆ ಒಂದೇ ಅಗಲವಾದ ಕೆಂಪಾಗಿ ಕಾಣುತ್ತದೆ. ಅದು ಒಂದಲ್ಲ, ಎರಡು ಎಂದು ತಿಳಿದವನಿಗೆ ಮಾತ್ರ ಲೆಕ್ಕ ಕೂಡುತ್ತದೆ. ರೆಸಿಸ್ಟರಿನಂತೆಯೇ ಬಳೆ ತೊಟ್ಟು ಕುಳಿತ ಇಂಡಕ್ಟರ್ ಎಂಬ ಸುರುಳಿಗಳದು ಇನ್ನೊಂದು ವೇಷ. ಬಣ್ಣ ಅದೇ, ಕ್ರಮ ಅದೇ, ಅಳತೆ ಮಾತ್ರ ಓಮ್ ಅಲ್ಲ, ಮೈಕ್ರೋಹೆನ್ರಿ. ಹಲವಕ್ಕೆ ಮೈ ಹಸಿರು, ಹೊಟ್ಟೆ ತುಸು ಡುಬ್ಬ. ಆ ಗುರುತೂ ಎಲ್ಲ ಕಡೆ ನಂಬುವಂಥದಲ್ಲ.

ಇಷ್ಟೆಲ್ಲ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ನಮ್ಮ ಸಂಘದ ಸದಸ್ಯರೊಬ್ಬರ ಮಗ. ಹನ್ನೆರಡು ವರ್ಷದವನು. ಕತ್ತಲಾದೊಡನೆ ತಾನೇ ಹೊತ್ತಿಕೊಳ್ಳುವ ದೀಪವೊಂದನ್ನು ಶಾಲೆಯ ಪ್ರದರ್ಶನಕ್ಕೆ ಮಾಡಬೇಕಾಗಿತ್ತು. ಮೂರು ಸಲ ಕೂಡಿಸಿದರೂ ಹೊತ್ತಲಿಲ್ಲ. ಅವನ ಪುಸ್ತಕದಲ್ಲಿ 'ಗಮನವಿಲ್ಲ' ಎಂದು ಮೂರು ಸಲವೂ ಷರಾ ಬಿತ್ತು. ತಂದೆ ಸಿಟ್ಟಿನಿಂದ ಪೆಟ್ಟಿಗೆಯ ಸಮೇತ ಅವನನ್ನು ನಮ್ಮಲ್ಲಿಗೆ ಕರೆತಂದರು. ನಾವು ನೋಡಿದಾಗ ನೂರು, ಸಾವಿರ, ಹತ್ತು ಸಾವಿರ ಮೂರೂ ಒಂದೇ ಡಬ್ಬಿಯಲ್ಲಿ ಒಪ್ಪವಾಗಿ ಜೋಡಿಸಿದ್ದವು. ಗಮನವಿಲ್ಲದ ಹುಡುಗ ಅಷ್ಟು ಒಪ್ಪವಾಗಿ ಜೋಡಿಸುವುದಿಲ್ಲ. ಯಾಕಪ್ಪಾ ಎಂದು ಕೇಳಿದೆವು. "ಎಲ್ಲಾ ಒಂದೇ ಬಣ್ಣ ಅಲ್ವಾ ಮಾಮಾ?" ಎಂದ.

ತಂದೆ ಗದರಿಸಲು ಬಾಯಿ ತೆರೆದರು. ಆದರೆ ತಾಯಿ ಸುಮ್ಮನಾಗಿಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, ಇವನು ಸಣ್ಣವನಿದ್ದಾಗ ಬಳಪದ ಬಣ್ಣದ ಕಡ್ಡಿಗಳ ಮೇಲಿನ ಕಾಗದ ಹರಿದರೆ ಅಳುತ್ತಿದ್ದನೆಂದೂ, ಹಟಮಾರಿಯೆಂದು ತಾವು ಬೈಯುತ್ತಿದ್ದುದುಂಟೆಂದೂ ಹೇಳಿದರು. ಕಾಗದದ ಮೇಲೆ ಬಣ್ಣದ ಹೆಸರು ಅಚ್ಚಾಗಿರುತ್ತದೆ. ಹುಡುಗ ಕಡ್ಡಿಯನ್ನು ನೋಡಿ ಆರಿಸುತ್ತಿರಲಿಲ್ಲ, ಹೆಸರನ್ನು ಓದಿ ಆರಿಸುತ್ತಿದ್ದ.

ಕಣ್ಣಿನ ವೈದ್ಯರು ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಪುಟಗಳನ್ನು ತೋರಿಸಿದರು. ಜಪಾನಿನ ಇಶಿಹಾರಾ ಎಂಬ ವೈದ್ಯರು 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು, ಇಂದಿಗೂ ಚಲಾವಣೆಯಲ್ಲಿದೆ. ಹುಡುಗನಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ಕಾಣುವುದಿಲ್ಲವೆಂದು ತಿಳಿಯಿತು. ಇದು ರೋಗವಲ್ಲ, ಬೆಳೆಯುವುದೂ ಇಲ್ಲ, ವಾಸಿಯಾಗುವುದೂ ಇಲ್ಲ. ಗಂಡುಮಕ್ಕಳಲ್ಲೇ ಹೆಚ್ಚು. ಸಾಮಾನ್ಯವಾಗಿ ತಾಯಿಯ ತಂದೆಯಿಂದ ಮಗಳ ಮೂಲಕ ಮೊಮ್ಮಗನಿಗೆ ಇಳಿದು ಬರುತ್ತದೆ. ನಡುವೆ ಇರುವ ಮಗಳಿಗೆ ಎಲ್ಲ ಬಣ್ಣವೂ ಕಾಣುತ್ತಿರುತ್ತದೆ. ಆಕೆಯ ತಂದೆ ಮೂಡಿಗೆರೆಯ ಕಡೆಯವರು. ಕಾಫಿ ಕುಯಿಲಿನಲ್ಲಿ ಅವರನ್ನು ಯಾರೂ ಗಿಡದ ಹತ್ತಿರ ಬಿಡುತ್ತಿರಲಿಲ್ಲವಂತೆ. ಎಲೆಯ ನಡುವಿನ ಹಣ್ಣು ಕಾಣದೆ ಕಾಯನ್ನೇ ಕೀಳುತ್ತಾರೆಂದು ಆಳುಗಳೆಲ್ಲ ನಗುತ್ತಿದ್ದರಂತೆ. ಅವರೂ ಜೊತೆಗೆ ನಗುತ್ತಿದ್ದರಂತೆ. "ಹಾಗಾದರೆ ನನ್ನಿಂದ ಬಂತೇ?" ಎಂದು ಆ ತಾಯಿ ಕೇಳಿದ್ದಕ್ಕೆ ಅವರ ಯಜಮಾನರು, "ನಿಮ್ಮಪ್ಪನ ಆಸ್ತಿಯಲ್ಲಿ ಇಷ್ಟಾದರೂ ಬಂತಲ್ಲ" ಎಂದು ಹಾಸ್ಯ ಮಾಡಿದರು. ಅವರ ಹಾಸ್ಯವನ್ನು ಎಂದೂ ಮೆಚ್ಚದ ನಾವು ಆ ದಿನ ಮೆಚ್ಚಿದೆವು.

ಪರಮಾಣುವಾದವನ್ನು ಮಂಡಿಸಿದ ಜಾನ್ ಡಾಲ್ಟನ್‌ಗೂ ಹೀಗೆಯೇ ಇತ್ತು. 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ತನ್ನ ಕಣ್ಣಿನ ವಿಚಾರವನ್ನೇ ಪ್ರಬಂಧವಾಗಿ ಓದಿದ. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂಬುದು ಅವನ ಊಹೆ; ಸತ್ತ ಮೇಲೆ ತೆರೆದು ನೋಡಬೇಕೆಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದಾಗ ದ್ರವ ತಿಳಿಯಾಗಿಯೇ ಇತ್ತು. ಜೋಪಾನ ಮಾಡಿದ್ದ ಆ ಕಣ್ಣಿನ ತುಣುಕಿನಿಂದ 1995ರಲ್ಲಿ ಅನುವಂಶಿಕ ಪರೀಕ್ಷೆ ನಡೆಸಿ, ಹಸಿರನ್ನು ಗ್ರಹಿಸುವ ಭಾಗದಲ್ಲೇ ಕೊರತೆಯಿತ್ತೆಂದು ಪತ್ತೆ ಹಚ್ಚಿದರು. ಮನೆಯಲ್ಲಿ ಗಂಡುಮಕ್ಕಳಿರುವವರು ಎಂಟು ಹತ್ತು ವರ್ಷದೊಳಗೆ ಆ ಚುಕ್ಕೆಗಳ ಪುಟಗಳನ್ನು ಒಮ್ಮೆ ತೋರಿಸಿಬಿಡುವುದು ಒಳ್ಳೆಯದು. ರೈಲು ಎಂಜಿನ್ನಿನ ಚಾಲಕ ಮೊದಲಾದ ಹುದ್ದೆಗಳಿಗೆ ಬಣ್ಣದ ದೃಷ್ಟಿಯ ಪರೀಕ್ಷೆ ಕಡ್ಡಾಯ. ಇಪ್ಪತ್ತನೆಯ ವಯಸ್ಸಿನಲ್ಲಿ, ಕನಸು ಕಟ್ಟಿಯಾದ ಮೇಲೆ, ವೈದ್ಯಕೀಯ ಮಂಡಲಿಯ ಬಾಗಿಲಲ್ಲಿ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಮೇಲು.

ಹುಡುಗನಿಗೆ ಮಾಡಿದ ಏರ್ಪಾಟು ಇಷ್ಟು. ಕಾಗದಪತ್ರದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವಾಗಿಯೂ ಬಾಯಲ್ಲಿ ಇಂದಿಗೂ ಲ್ಯಾಮಿಂಗ್ಟನ್ ರಸ್ತೆಯಾಗಿಯೂ ಉಳಿದಿರುವ ಮುಂಬಯಿಯ ಬೀದಿಗೆ ಅವನನ್ನು ಕರೆದೊಯ್ದು ಒಂದು ಸಾಧಾರಣ ಮಲ್ಟಿಮೀಟರ್ ಕೊಡಿಸಿದೆವು. ಬೇರೆ ಊರಿನ ವಾಚಕರು ಚೆನ್ನೈಯಾದರೆ ರಿಚ್ಚಿ ಬೀದಿಗೂ, ದೆಹಲಿಯಾದರೆ ಚಾಂದನಿ ಚೌಕದ ಲಾಜಪತ್ ರಾಯ್ ಮಾರುಕಟ್ಟೆಗೂ, ಹೈದರಾಬಾದಾದರೆ ಕೋಠಿಯ ಕಡೆಗೂ ಹೋಗಬಹುದು. ಬೆಂಗಳೂರಿಗೆ ರಜೆಗೆ ಹೋದವರಿಗೆ ಎಸ್.ಪಿ. ರಸ್ತೆ ಉಂಟು. ಹುಡುಗ ಈಗ ಬಳೆಗಳನ್ನು ನೋಡುವುದೇ ಇಲ್ಲ. ಎರಡು ಬಾಲಕ್ಕೂ ಮೀಟರಿನ ಕಡ್ಡಿ ತಾಗಿಸಿ ಅಂಕಿ ಓದುತ್ತಾನೆ. ಶಾಲೆಯ ಡಬ್ಬಿಯಲ್ಲಿ 120 ಎಂದು ಚೀಟಿ ಅಂಟಿಸಿದ್ದ ಖಾನೆಯಲ್ಲಿದ್ದವೆಲ್ಲ ಹತ್ತು ಸಾವಿರದವು ಎಂದು ಮೊದಲು ಕಂಡುಹಿಡಿದವನು ಅವನೇ. ಎಲ್ಲ ಬಣ್ಣವೂ ಕಾಣುವ ಕಣ್ಣಿನವರು ಯಾರೋ ಬಲಗಡೆಯಿಂದ ಓದಿ ಚೀಟಿ ಅಂಟಿಸಿದ್ದರು. ಅದಕ್ಕೆ ಪುಸ್ತಕದಲ್ಲಿ ಷರಾ ಏನೂ ಬೀಳಲಿಲ್ಲ. ದೀಪ ಮಾತ್ರ ಹೊತ್ತಿತು.

ಮೀಟರಿನ ಬಗ್ಗೆ ಒಂದೆರಡು ಎಚ್ಚರಿಕೆಗಳನ್ನು ಹೇಳಬೇಕು. ಬಿಡಿಯಾಗಿರುವ ರೆಸಿಸ್ಟರನ್ನು ಅಳೆಯುವುದು ಸುಲಭ. ಎರಡು ಕೈಯ ಬೆರಳೂ ತಂತಿಗೆ ತಾಗದಿರಲಿ, ಇಲ್ಲವಾದರೆ ದೊಡ್ಡ ಬೆಲೆಗಳಲ್ಲಿ ನಮ್ಮ ಮೈಯ ಅಳತೆಯೂ ಸೇರಿಕೊಳ್ಳುತ್ತದೆ. ಹಲಗೆಯ ಮೇಲೆ ಬೆಸೆದಿರುವುದನ್ನು ಅಳೆಯುವಾಗ ವಿದ್ಯುತ್ತು ತಪ್ಪಿಸಿರಬೇಕು, ಕೆಪಾಸಿಟರುಗಳು ಬರಿದಾಗಿರಬೇಕು. ಆಗಲೂ ಅಕ್ಕಪಕ್ಕದ ದಾರಿಗಳಲ್ಲಿ ಹರಿವು ನುಸುಳುವುದರಿಂದ ಮೀಟರು ನಿಜವಾದ ಬೆಲೆಗಿಂತ ಕಡಮೆ ತೋರಿಸಬಹುದು, ಹೆಚ್ಚು ತೋರಿಸುವುದಿಲ್ಲ. ಈ ಒಂದು ಅಂಶದಿಂದಲೇ ಹಲವು ವ್ಯಾಜ್ಯ ತೀರುತ್ತದೆ. ಮೂರು ಸಾವಿರ ತೋರಿಸಿದರೆ ಅದು 120 ಆಗಿರಲು ಸಾಧ್ಯವೇ ಇಲ್ಲ. 118 ತೋರಿಸಿದರೆ ಮಾತ್ರ ಏನನ್ನೂ ಹೇಳುವಂತಿಲ್ಲ. ಒಂದು ಕಾಲನ್ನು ಬಿಡಿಸಿ ಅಳೆಯಬೇಕು.

ಮೀಟರೇ ಸರ್ವಜ್ಞನೆಂದು ನಂಬುವುದೂ ಬೇಡ. ಹಳೆಯ ಇಂಗಾಲದ ರೆಸಿಸ್ಟರುಗಳು ವಯಸ್ಸಾದಂತೆ, ತೇವ ಕುಡಿದಂತೆ, ಬೆಲೆ ಏರಿಸಿಕೊಳ್ಳುತ್ತ ಹೋಗುತ್ತವೆ. ಬಳೆಗಳು ಒಂದು ಲಕ್ಷವೆನ್ನುತ್ತವೆ, ಮೀಟರು ಒಂದು ಲಕ್ಷ ಮೂವತ್ತು ಸಾವಿರವೆನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹುಟ್ಟಿದಾಗ ಎಷ್ಟಿತ್ತೆಂಬುದು ಬಳೆಯ ಮಾತು, ಈಗ ಎಷ್ಟಿದೆಯೆಂಬುದು ಮೀಟರಿನದು. ದುರಸ್ತಿ ಮಾಡುವವನಿಗೆ ಬೇಕಾದದ್ದು ಬಳೆಯ ಮಾತೇ. ಪೂರ್ತಿ ಸುಟ್ಟು ಹೋದದ್ದಾದರೆ ಮೀಟರಿಗೆ ಏನೂ ಸಿಕ್ಕುವುದಿಲ್ಲ, ಮಸಿ ಹಿಡಿದ ಬಳೆಗಳೇ ಉಳಿದ ಸಾಕ್ಷಿ. ಆಗ ಯಂತ್ರದ ನಕ್ಷೆ ಹುಡುಕಬೇಕು. ಎರಡು ಸ್ಪೀಕರಿನ ಸ್ಟೀರಿಯೋ ಆದರೆ ನಕ್ಷೆಯಿಲ್ಲದಿದ್ದರೂ ಚಿಂತೆಯಿಲ್ಲ. ಎಡಗಡೆಯ ಭಾಗದಲ್ಲಿ ಸುಟ್ಟದ್ದರ ಅವಳಿ ಬಲಗಡೆಯ ಭಾಗದಲ್ಲಿ ಹಾಗೆಯೇ ಕುಳಿತಿರುತ್ತದೆ. ಅದನ್ನು ನೋಡಿ ತಿಳಿದುಕೊಳ್ಳಬಹುದು.

ಈಗ ಬರುವ ಮೊಬೈಲು, ಟೆಲಿವಿಷನ್ನುಗಳ ಹಲಗೆಯ ಮೇಲೆ ಬಳೆಗಳೇ ಕಾಣುವುದಿಲ್ಲ. ಸಾಸಿವೆಯಷ್ಟಿರುವ ಕಪ್ಪು ಚೌಕಗಳ ಮೇಲೆ 103 ಎಂದು ಅಂಕಿಯಲ್ಲೇ ಬರೆದಿರುತ್ತದೆ. ಹತ್ತು, ಮುಂದೆ ಮೂರು ಸೊನ್ನೆ. ನಮ್ಮ ಹತ್ತು ಸಾವಿರವೇ. ಇನ್ನೂ ಸಣ್ಣವುಗಳ ಮೇಲೆ ಅದೂ ಇಲ್ಲ. ಚೌಕದ ಮೇಲಿನ ಅಂಕಿಗಳನ್ನೂ ತಲೆಕೆಳಗಾಗಿ ಓದುವ ಅಪಾಯ ತಪ್ಪಿದ್ದಲ್ಲ, ಆದರೆ ಅದಕ್ಕೆ ಭೂತಗನ್ನಡಿ ಹಿಡಿಯುವ ತಾಳ್ಮೆ ಇದ್ದರೆ ಸಾಕು.

ಅಟ್ಟದ ಮೇಲೆ ಹಳೆಯ ಕವಾಟದ ರೇಡಿಯೋ ಇರುವ ಸದಸ್ಯರಿಗೆ ಒಂದು ವಿನಂತಿ. ಈ ಲೇಖನ ಓದಿದ ಉತ್ಸಾಹದಲ್ಲಿ ಅದನ್ನು ಕೆಳಗಿಳಿಸಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ, ಬಿಚ್ಚಿ ಬೆರಳನ್ನೂ ಇಡಬೇಡಿ. ಅವುಗಳ ಒಳಗೆ ನೂರಾರು ವೋಲ್ಟು ಆಡುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಕೆಲವು ಹೊತ್ತು ಕೆಪಾಸಿಟರಿನಲ್ಲಿ ನಿಂತಿರುತ್ತದೆ. ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದೇ ಕೆಪಾಸಿಟರಿನ ಬೆನ್ನ ಮೇಲೆ 104 ಎಂದು ಬರೆದಿರುವುದೇಕೆಂದು ಇಬ್ಬರು ಸದಸ್ಯರು ಕೇಳಿದ್ದಾರೆ. ಅದು ಮುಂದಿನ ತ್ರೈಮಾಸಿಕಕ್ಕೆ.